ಜಾಲರಿ ಇಲ್ಲದ ಸ್ಪೀಕರ್

ಹೋದ ಸಲ ಹಾಲು. ಈ ಸಲ ಅನ್ನ.

ಅತೀಯಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಸ್ಪೀಕರನ್ನು ಹಳೇ ಪೇಪರಿನ ಮೇಲೆ ಇಟ್ಟಳು. ಸದ್ದು ಹೊರಡಿಸುವ ಕಾಗದದ ಕೋನಿನ ಮೇಲೆ ಸಾರು ಹರಿದು ಒಣಗಿತ್ತು. ನಡುವೆ ಅನ್ನದ ಅಗುಳು, ಅಗುಳಿನ ಮೇಲೆ ಬೂಷ್ಟು, ಬೂಷ್ಟಿನ ಸುತ್ತ ಇರುವೆ. ಕೋನಿನ ಹಿಂದಿನಿಂದ ಒಂದು ಜಿರಳೆಮರಿ ಬಂದು ಅವಳ ಬೆರಳಿಗೆ ಹತ್ತಿತು. ಕೈ ಕೊಡವಿದಳು.

"ಇದೇನ್ ಸ್ಪೀಕರ್ರಾ ಸಾರ್, ಮುಸುರೆ ಬಕೆಟ್ಟಾ?"

ಕೌಂಟರಿನ ಆಚೆ ಪಂಚಪ್ಪ ತಲೆ ತಗ್ಗಿಸಿದ. "ತಪ್ಪಾತ್ರಿ ಅಕ್ಕಾರ."

ಆರ್.ಟಿ. ನಗರದ ಆ ಅಂಗಡಿ ಅತೀಯಾಳ ಅಪ್ಪನ ಕಾಲದ್ದು. ಅವಳು ಕೈಗೆತ್ತಿಕೊಂಡು ಹನ್ನೆರಡು ವರ್ಷವಾಗಿತ್ತು. ನಾಲ್ಕು ತಿಂಗಳ ಹಿಂದೆ ಪಂಚಪ್ಪ ಮೊದಲ ಸಲ ಬಂದಾಗ ಅವಳಿಗೆ ಅವನು ಹಿಡಿಸಿದ್ದ. ಗದಗದ ಕಡೆಯವನು. ಪೀಣ್ಯದಲ್ಲಿ ಲೇತ್ ಕೆಲಸ, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ತೀರಿಕೊಂಡ ತಂದೆ ಕೈಯಾರೆ ಜೋಡಿಸಿದ ಐದು ವಾಟಿನ ಆಂಪ್ಲಿಫೈಯರ್ ಇದೆ, ಅದಕ್ಕೆ ಅಗ್ಗದ್ದೊಂದು ಒಳ್ಳೆ ಸ್ಪೀಕರ್ ಬೇಕು ಎಂದಿದ್ದ. ಅಂಥ ಗಿರಾಕಿಗಳು ಈಗ ಎಲ್ಲಿ ಬರುತ್ತಾರೆ? ಅವಳು ಉತ್ಸಾಹದಿಂದಲೇ ವಿವರಿಸಿದ್ದಳು.

"ಈಗಿನ ಪುಟ್ಟ ಬಾಕ್ಸ್‌ಗಳಿಗೆ ಪವರ್ ಜಾಸ್ತಿ ಬೇಕು. ನಿಮ್ಮ ಐದು ವಾಟ್‌ಗೆ ಅವು ಉಸಿರೇ ಬಿಡಲ್ಲ. ಹಗುರವಾದ ಪೇಪರ್ ಕೋನ್ ತಗೊಳ್ಳಿ, ಬಾಕ್ಸ್ ಸ್ವಲ್ಪ ದೊಡ್ಡದಿರ್ಲಿ. ಕಮ್ಮಿ ಪವರ್‌ನಲ್ಲೇ ಬಾಯ್ತುಂಬ ಮಾತಾಡುತ್ತೆ."

ಪರೀಕ್ಷೆಗೆ ಅವನು ಹಾಡು ಹಾಕಲಿಲ್ಲ. ಫೋನಿನಲ್ಲಿದ್ದ ಒಂದು ರೆಕಾರ್ಡಿಂಗ್ ಹಾಕಿದ. ಯಾರೋ ಮುದುಕ ಪೇಪರ್ ಓದುತ್ತಿದ್ದ, ಕೆಮ್ಮುತ್ತಿದ್ದ, ನಡುವೆ ನಗುತ್ತಿದ್ದ. ಮೂರು ಸ್ಪೀಕರ್ ಬೇಡವೆಂದ. "ದೂರ ಕುಂತು ಮಾತಾಡಿದಂಗ ಆಗ್ತೈತ್ರಿ. ಬಾಜೂಕ ಕುಂತಂಗ ಕೇಳ್ಬೇಕು." ನಾಲ್ಕನೆಯದನ್ನು ಒಪ್ಪಿದ. ಜೋಡಿ ಬೇಡ, ಒಂದೇ ಸಾಕು ಎಂದ. ಮುಂದೆ ಜಾಲರಿ ಹಾಕಿಕೊಡ್ತೀನಿ ಎಂದರೆ ಅದೂ ಬೇಡ ಎಂದ.

ಅಲ್ಲಿಂದ ಶುರುವಾಯಿತು ಈ ಹೇಸಿಗೆ. ತಿಂಗಳು ತಿರುಗುವಷ್ಟರಲ್ಲಿ ಕೋನ್ ಕೊಳೆತು ಹರಿದು ವಾಪಸ್ಸು. ಒಮ್ಮೆ ಮೊಸರು, ಒಮ್ಮೆ ಹಾಲು.

"ದೊಡ್ಡ ಆಂಪ್ಲಿಫೈಯರ್ ತಗೊಳ್ಳಿ," ಎಂದಳು ಅತೀಯಾ, ಇಕ್ಕಳದಿಂದ ಅಗುಳು ಕೀಳುತ್ತ. "ಪ್ಲಾಸ್ಟಿಕ್ ಕೋನ್ ಹಾಕಿಕೊಡ್ತೀನಿ. ಒದ್ದೆ ಬಟ್ಟೇಲಿ ಒರೆಸ್ಬೋದು."

"ಬ್ಯಾರೆ ಅಂಗಡ್ಯಾಗ ಅದನ್ನೂ ತಂದಿದ್ನ್ರಿ. ದನಿ ಬ್ಯಾರೆ ಆತು ಅಂತ ಮನ್ಯಾಗ ಒಪ್ಪಲಿಲ್ಲ."

"ಹಂಗಾದ್ರೆ ನಾಳೆ ಬನ್ನಿ."

"ನಾಳೆ ಬ್ಯಾಡ್ರಿ!" ಅವನ ದನಿ ಏರಿತು. "ಮಧ್ಯಾಹ್ನ ಒಂದರೊಳಗ ಬೇಕ್ರಿ. ಇದಿಲ್ದ ಮನ್ಯಾಗ ಊಟ ಆಗಂಗಿಲ್ಲ."

ಓಹೋ, ದರ್ಬಾರು! ಅತೀಯಾಳ ಕಣ್ಣು ಅವನ ಮುಂಗೈಗೆ ಹೋಯಿತು. ಉಗುರು ಗೀರಿದ ಗಾಯ, ನಾಲ್ಕು ಗೆರೆ, ಹಸಿಯಾಗಿಯೇ ಇದ್ದವು.

"ಮನೇಲಿ ಯಾರ್ ಯಾರಿದ್ದೀರ?"

"ನಾನು, ನಮ್ಮವ್ವ. ಇಬ್ಬರ."

ಅವಳಿಗೆ ಚಿತ್ರ ಪೂರ್ತಿಯಾಯಿತು. ಕುಡಿದು ಬಂದು ಸ್ಪೀಕರ್ ಮುಂದೆ ಕೂರುತ್ತಾನೆ. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ಎಸೆಯುತ್ತಾನೆ. ತಡೆಯಲು ಬಂದ ಮುದುಕಿಗೆ ಏಟು. ನೆಲ ಬಳಿಯುವವಳೂ ಅವಳೇ. ಕೊಳೆತ ಅನ್ನಕ್ಕಿಂತ ಎದುರಿಗಿದ್ದ ಮನುಷ್ಯನೇ ಹೆಚ್ಚು ನಾರುತ್ತಿದ್ದಾನೆ ಅನ್ನಿಸಿತು.

ಹೊಸ ಕೋನ್ ಕೂರಿಸಿದಳು. ಆಮೇಲೆ ಟೂಲ್ ಬ್ಯಾಗು ಹೆಗಲಿಗೇರಿಸಿದಳು. "ನಾನೇ ಬಂದು ಫಿಟ್ ಮಾಡ್ತೀನಿ. ಜಾಲರಿ ಹಾಕಿ, ಸ್ಕ್ರೂ ಬಿಗಿದು ಬರ್ತೀನಿ."

ಪಂಚಪ್ಪನ ಮುಖ ಬಿಳಿಚಿತು. "ನೀವು ಬರೂದು ಬ್ಯಾಡ್ರಿ ಅಕ್ಕಾರ. ಮನಿ ಹೊಲಸೈತಿ."

"ನೋಡೋಣ ನಡೀರಿ."

ಹೆಬ್ಬಾಳ, ಗೊರಗುಂಟೆಪಾಳ್ಯ ದಾಟಿ ಅವನ ಬೈಕಿನ ಹಿಂದೆಯೇ ಸ್ಕೂಟರ್ ಓಡಿಸಿದಳು. ಮುದುಕಿಯ ಮೈಮೇಲೆ ಒಂದು ಗಾಯ ಕಂಡರೂ ಸೀದಾ ಪೊಲೀಸ್ ಸ್ಟೇಷನ್ನಿಗೆ ಎಂದು ತೀರ್ಮಾನಿಸಿಯಾಗಿತ್ತು.

ಮೊದಲ ಮಹಡಿಯ ಬಾಗಿಲು ತೆರೆದ ಕೂಡಲೇ ಹಳಸಿದ ವಾಸನೆ ಮುಖಕ್ಕೆ ಬಡಿಯಿತು. ಗೋಡೆಯುದ್ದಕ್ಕೂ ಇರುವೆ ಸಾಲು. ಸ್ಪೀಕರಿನ ಖಾಲಿ ಬಾಕ್ಸ್ ಕುರ್ಚಿಯ ಮೇಲಿತ್ತು. ಕುರ್ಚಿಯ ಕಾಲು, ನೆಲ, ಎಲ್ಲ ಕಡೆ ಸಾರಿನ ಕಲೆ. ಚಾಪೆಯ ಮೇಲೆ ಕಡ್ಡಿಯಂತಾದ ಮುದುಕಿ ಕೂತಿದ್ದಳು. ಮಡಿಕೆಯ ಗೆರೆ ಅಳಿಯದ ಶುಭ್ರ ಸೀರೆ, ಹಣೆಯಲ್ಲಿ ಅಗಲವಾದ ಕುಂಕುಮ. ಮುಂದೆ ಅನ್ನದ ತಟ್ಟೆ. ಮುಟ್ಟಿರಲಿಲ್ಲ.

"ನಿನ್ನೆಯಿಂದ ಏನೂ ತಿಂದಿಲ್ರಿ," ಎಂದ ಪಂಚಪ್ಪ. "ನಾ ಬಾಯಾಗ ಇಡಾಕ ಹೋದ್ರ ಪರಚತಾಳ."

"ತಿನ್ನೋಕೆ ನೀವು ಬಿಟ್ರೆ ತಾನೆ!" ಅತೀಯಾ ಅವನತ್ತ ತಿರುಗಿದಳು. "ಥೂ, ಹೆತ್ತ ತಾಯಿ ಕಣ್ರೀ."

ಅವನು ಸ್ಪೀಕರನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಬಾಕ್ಸಿಗೆ ಕೂರಿಸಿದ. ತಂತಿ ಸಿಕ್ಕಿಸಿದ. ಫೋನ್ ಒತ್ತಿದ.

ಮುದುಕನೊಬ್ಬ ಕೆಮ್ಮಿದ. ಗಂಟಲು ಸರಿಮಾಡಿಕೊಂಡು ಪೇಪರ್ ಓದತೊಡಗಿದ. ಬಾಜೂಕ ಕೂತಂತೆಯೇ ಇತ್ತು ದನಿ.

"ನಮ್ಮಪ್ಪ ರೀ," ಎಂದ ಪಂಚಪ್ಪ ಮೆಲ್ಲಗೆ. "ಸತ್ತು ಎರಡು ವರ್ಷ ಆತು. ಅವ್ವಗ ಹೇಳಿದ್ರ ನೆನಪ ಉಳಿಯಂಗಿಲ್ಲ."

ಮುದುಕಿಯ ಮುಖ ಅರಳಿತು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಒಂದು ತುತ್ತು ಕಲೆಸಿ, ಕೈ ಚಾಚಿ, ಹೊಸ ಕೋನಿಗೆ ಹಿಡಿದಳು.

"ಮೊದಲ ನೀವು ಉಣ್ರಿ. ನೀವು ಉಂಡ ಮ್ಯಾಲ ನಾ ಉಣ್ತೀನಿ."