ಮಾಳಿಗೆಯ ಅಂಟು

“ತಂಗಿ, ಇದು ಮಾಳಿಗಿ ಸೋರಿದ್ರ ಹಚ್ಚೂದೈತಿ. ದೋಣಿ ತಳಕ್ಕ ಹಚ್ಚಿಯೇನು?” ಮುದ್ದೇಬಿಹಾಳದ ಹಾರ್ಡ್‌ವೇರ್ ಅಂಗಡಿಯ ಸಂಗು ಕೇಳಿದಾಗ ಕೋಮಲ ಕೈಯಲ್ಲಿದ್ದ ಖಾಲಿ ಟ್ಯೂಬನ್ನು ತಿರುಗಿಸಿ ನೋಡಿದಳು. ನಿನ್ನೆ ಅದನ್ನೆಲ್ಲ ದೋಣಿಯ ಹಿಂಬದಿಯ ಬಿರುಕಿಗೆ ತುಂಬಿದವಳು ಅವಳೇ. ಎರಡನೆಯ ದೋಣಿಗೂ ಅಂಥದ್ದೇ ಬೇಕೆಂದು ಬಂದಿದ್ದಳು.

“ವಾಟರ್‌ಪ್ರೂಫ್ ಅಂತ ಬರದೈತಲ್ರಿ?”

“ಮಳಿ ನೀರಿಗೆ ತಡೀತೈತಿ. ನೀರಾಗ ಮುಳುಗೇ ಇದ್ರ ಮೆತ್ತಗಾಗಿ ಕಿತ್ತು ಬರ್ತೈತಿ. ದೋಣಿಗಾದ್ರ ಎರಡು ಡಬ್ಬಿ ಕಲಸಿ ಹಚ್ಚೂ ಎಪಾಕ್ಸಿ ಅಂಟೇ ಬೇಕು.”

ಕೋಮಲಳ ಗಂಡ ಭೀಮು ಈ ಹೊತ್ತಿಗೆ ಅದೇ ದೋಣಿಯಲ್ಲಿ ಮೆಣಸಿನಕಾಯಿ ಬಿಡಿಸುವ ಒಂಬತ್ತು ಹೆಂಗಸರನ್ನು ಕೂಡಿಸಿಕೊಂಡು ಕೃಷ್ಣೆಯ ನಡುನೀರಿನಲ್ಲಿರುತ್ತಾನೆ. ಅವಳು ಕೂಡಲೇ ಅವನಿಗೆ ಫೋನ್ ಹಚ್ಚಿದಳು. ಮೂರನೆಯ ಸಲಕ್ಕೆ ಎತ್ತಿದ.

“ಹಿಂದಿನ ಬಿರುಕು ನೋಡು! ನಾ ಹಚ್ಚಿದ್ದು ತಪ್ಪೈತಿ!”

ಫೋನು ಹಲಗೆಯ ಮೇಲೆ ಬಿದ್ದ ಸದ್ದು ಬಂತು, ಆಮೇಲೆ ಭೀಮುವಿನ ಕೂಗು: “ಎಲ್ಲಾರೂ ಮುಂದಕ್ಕ ಸರೀರಿ, ಮೆಲ್ಲಕ! ಬುತ್ತಿ ಡಬ್ಬಿ ತಗೊಂಡು ನೀರು ಚೆಲ್ರಿ!” ಯಾರೋ ಚೀರಿದರು. ಹುಟ್ಟಿನ ಸಪ್ಪಳ ಜೋರಾಯಿತು. ಕೋಮಲ ಫೋನನ್ನು ಕಿವಿ ನೋಯುವಷ್ಟು ಒತ್ತಿಕೊಂಡು, ನಿನ್ನೆ ಅಂಟು ಸವರಿದ ಹೆಬ್ಬೆರಳನ್ನು ಕಚ್ಚುತ್ತ ನಿಂತಳು. ಸಂಗು ಬೇರೆ ಗಿರಾಕಿಗಳಿಗೆ ಸುಮ್ಮನಿರುವಂತೆ ಕೈ ಮಾಡಿದ.

ಕಡೆಗೆ ದೋಣಿಯ ತಳ ದಂಡೆಯ ಉಸುಕಿಗೆ ಉಜ್ಜಿದ ಸದ್ದು ಕೇಳಿಸಿತು. ಅದರ ಹಿಂದೆಯೇ ದೋಣಿಯಲ್ಲಿದ್ದ ಮುದುಕಿ ಸೀತವ್ವನ ದನಿ: “ಎಲೋ ಭೀಮ್ಯಾ, ನನ್ನ ರೊಟ್ಟಿ ಎಲ್ಲಾ ತೋಯ್ದು ಹಿಟ್ಟಾಗ್ಯಾವಲ್ಲೋ!” ಆ ಬೈಗುಳ ಕಿವಿಗೆ ಬಿದ್ದದ್ದೇ ತಡ, ಕೋಮಲ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಅಳತೊಡಗಿದಳು.