ಗೋಮತಿ ಕೂತಿದ್ದ ಕೋಣೆಯ ದೀಪ

"ನಿಧಾನಕ್ಕೆ ಸರಿಹೋಗತ್ತಂತೆ ಗೋಮತಿ, ಡಾಕ್ಟ್ರೇ ಹೇಳಿದ್ರು," ಎನ್ನುತ್ತಾ ಗಂಡ ನರಹರಿ ಕಾಫಿ ಮಾಡಲು ಎದ್ದ. ಬಾಗಿಲ ಬಳಿ ಸ್ವಿಚ್ಚು ಟಕ್ಕೆಂದಿತು. ಮುಸ್ಸಂಜೆ ದೀಪ ಹಾಕಿದೊಡನೆ ಕೈಮುಗಿಯುವುದು ಚಿಕ್ಕಂದಿನ ರೂಢಿ. ಗೋಮತಿ ಆ ಸದ್ದಿಗೇ ಕೈಮುಗಿದಳು. ಮರುಗಳಿಗೆ ನೆನಪಾಯಿತು. ದೀಪವನ್ನು ಮಡಿಕೇರಿಯ ಆಸ್ಪತ್ರೆಯಿಂದ ಬಂದೊಡನೆ ಅವನೇ ಹಾಕಿದ್ದನಲ್ಲ. ಈಗ ಕೇಳಿದ್ದು ಆರಿಸಿದ ಸದ್ದು.

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿದರೆ ನರಹರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮನೆಗೆಲ್ಲ ಎಲ್‌ಇಡಿ ಹಾಕಿಸಿದ ಮೇಲೂ ಕೋಣೆ ಕೋಣೆ ಸುತ್ತಿ ಆರಿಸುತ್ತಿದ್ದ. ಕಾಣದಾಗಿದ್ದ ಅವಳ ಕಣ್ಣಿನ ಆಪರೇಷನ್ ಆದಮೇಲೆ ಮಾತ್ರ, ಅವಳು ಕೂತ ಕಡೆ ಹಗಲಲ್ಲೂ ದೀಪ ಉರಿಸುತ್ತಿದ್ದ. "ಮೊದಲು ಬೆಳಕೇ ಕಾಣೋದಂತೆ. ಕಂಡ ಕೂಡ್ಲೇ ಕೂಗು," ಎನ್ನುತ್ತಿದ್ದ. ಇವತ್ತು ಡಾಕ್ಟರು ಅವಳನ್ನು ಹೊರಗೆ ಕೂರಿಸಿ, ಅವನೊಬ್ಬನನ್ನೇ ಒಳಗೆ ಕರೆದಿದ್ದರು.

"ರೀ, ಲೈಟ್ ಹಾಕಿದೀರಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಹೂಂ ಕಣೇ, ಉರೀತಾ ಇದ್ಯಲ್ಲ."

ಇನ್ನೂ ಜೋಡಿಸಿಕೊಂಡೇ ಇದ್ದ ಕೈಗಳನ್ನು ಗೋಮತಿ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು.

"ಸಕ್ಕರೆ ಕಮ್ಮಿ ಹಾಕಿ," ಎಂದಳು.