ಎಡಗಿವಿಯ ಅಳತೆ

“ಎಡಗಿವಿ, ಏಳು ಸೆಂಟಿಮೀಟರ್,” ಎಂದ ಶಿಲ್ಪಿ, ದೇಶದ ಅಧ್ಯಕ್ಷರ ಕಿವಿಗೆ ಹಿಡಿದಿದ್ದ ಕೈವಾರವನ್ನು ಅಳತೆಪಟ್ಟಿಯ ಮೇಲಿಟ್ಟು. ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಮಗಳ ಪೆನ್ಸಿಲ್ ನಿಂತಿತು. “ಏಳಾ? ಹೋದ ವಾರ ಆರೂವರೆ ಅಂದಿದ್ಯಲ್ಲಪ್ಪಾ.”

ಇಪ್ಪತ್ತು ವರ್ಷದಲ್ಲಿ ಅವನು ನಲವತ್ತು ದೊಡ್ಡ ಮನುಷ್ಯರ ತಲೆಗಳನ್ನು ಕಂಚಿನಲ್ಲಿ ಎರಕ ಹೊಯ್ದಿದ್ದ. ಕೆನ್ನೆ ಊದುತ್ತದೆ, ಗದ್ದ ಇಳಿಯುತ್ತದೆ. ಕಿವಿ ಮಾತ್ರ ಒಂದು ವಾರದಲ್ಲಿ ಬೆಳೆಯುವುದಿಲ್ಲ. ಅವನು ಅರ್ಧ ಮುಗಿದ ಜೇಡಿಮಣ್ಣಿನ ತಲೆಯನ್ನು ನೋಡಿದ, ಕುರ್ಚಿಯಲ್ಲಿದ್ದ ತಲೆಯನ್ನು ನೋಡಿದ. ಅದೇ ಮೀಸೆ, ಅದೇ ಹುಬ್ಬು, ಎದೆಯ ಮೇಲೆ ಅವೇ ಪದಕಗಳು. ಕಿವಿ ಮಾತ್ರ ಬೇರೆ ಯಾರದೋ. ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷರ ಕಾರ್ಯದರ್ಶಿ ಓದುತ್ತಿದ್ದ ಪತ್ರಿಕೆ ಮಡಚಿದ.

“ಹೋದ ವಾರ ನಾನೇ ತಪ್ಪು ಹೇಳಿದ್ದೆ ಕಣಮ್ಮ,” ಎಂದು ಶಿಲ್ಪಿ ನಕ್ಕ. ಕಣ್ಣು ಕಾರ್ಯದರ್ಶಿಯ ಮೇಲೇ ಇತ್ತು. “ವಯಸ್ಸಾಯ್ತಲ್ಲ, ಕಣ್ಣು ಕೈಕೊಡ್ತಿದೆ. ಏಳು ಅಂತ ಬರ್ಕೋ.”

“ನಿನ್ನ ಕಣ್ಣಾ? ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ನನ್ನ ಪ್ರಾಣ ತಿನ್ತೀಯ!” ಅಪ್ಪನನ್ನು ಬಿಟ್ಟುಕೊಡಲು ಮಗಳು ತಯಾರಿರಲಿಲ್ಲ. “ಅವತ್ತು ಮೂರು ಸಲ ಅಳೆದ್ರು ಸಾರ್. ಮೂರು ಸಲವೂ ಆರೂವರೆನೇ. ಬೇಕಾದ್ರೆ ನೀವೇ ನೋಡಿ.” ಅಳತೆ ಬರೆದ ಪುಸ್ತಕವನ್ನು ಅವಳು ಕಾರ್ಯದರ್ಶಿಯ ಕೈಗೇ ಕೊಟ್ಟಳು.

ಕಾರ್ಯದರ್ಶಿ ಓದಿದ. ಪುಸ್ತಕವನ್ನು ಜೇಬಿಗಿಳಿಸಿ, ಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿದ. ಅಷ್ಟು ಹೊತ್ತು ತುಟಿ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದವನ ಕೈ ನಿಧಾನವಾಗಿ ಮೇಲೆದ್ದು ಎಡಗಿವಿಯನ್ನು ಮುಚ್ಚಿಕೊಂಡಿತು. ಅವನು ಮಾತಾಡಿದಾಗ ಅದು ದಿನಾ ರೇಡಿಯೋದಲ್ಲಿ ಕೇಳುವ ಅಧ್ಯಕ್ಷರ ದನಿಯಾಗಿರಲಿಲ್ಲ.

“ಅಯ್ಯೋ, ಯಾಕೆ ಹೇಳಿದ್ಯಮ್ಮಾ?”